ಡ್ಯಾಶ್‌ಬೋರ್ಡಿನ ಲೈಟು, ಎಸಿ, ಗ್ಲಾಸಿನ ಮಂಜು: ಕಾರು ಕಲಿತವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಲೈಸೆನ್ಸ್ ಸಿಕ್ಕಿದ ಮೇಲೆ ಹೆಚ್ಚಿನವರು ನನ್ನನ್ನು ಮರೆತುಬಿಡುತ್ತಾರೆ. ಮತ್ತೆ ನೆನಪಾಗುವುದು ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಹೊತ್ತಿಕೊಂಡಾಗ. ಜೂನ್ ಹಿಡಿದ ಮೇಲಂತೂ ಫೋನಿಗೆ ಬಿಡುವೇ ಇಲ್ಲ. ನಾನು ಮೆಕ್ಯಾನಿಕ್ ಅಲ್ಲ, ನಟ್ಟು ಬೋಲ್ಟು ಬಿಚ್ಚುವ ವಿಷಯ ಇಲ್ಲಿ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತವರಿಗೆ ಆ ಹೊತ್ತಿಗೆ ಬೇಕಾದದ್ದನ್ನಷ್ಟೇ ಬರೆದಿದ್ದೇನೆ.

ಸರ್, ಒಂದು ಲೈಟ್ ಬಂದಿದೆ. ಗಾಡಿ ಓಡಿಸಬಹುದಾ?

ಯಾವ ಬಣ್ಣ? ನಾನು ಮೊದಲು ಕೇಳುವುದು ಇದನ್ನೇ. ಕೆಂಪಾದರೆ ಜಾಗ ನೋಡಿ ಬದಿಗೆ ಹಾಕಿ. ಹಳದಿಯಾದರೆ ಹೆಚ್ಚಾಗಿ ಮನೆಗೆ ಹೋಗಬಹುದು, ಆದರೆ ಈ ವಾರದಲ್ಲಿ ತೋರಿಸಬೇಕು. ಹಸಿರು, ನೀಲಿ ಬರೇ ಸುದ್ದಿ: ಇಂಡಿಕೇಟರ್ ಹಾಕಿದ್ದೀರಿ, ಹೈ ಬೀಮ್ ಉಂಟು ಅಂತ ಹೇಳುತ್ತವೆ. ನೀಲಿ ಹೈ ಬೀಮ್ ಲೈಟನ್ನು ಅಲಂಕಾರಕ್ಕೆ ಇಟ್ಟದ್ದು ಎಂದುಕೊಂಡವರು ನಮ್ಮ ಹೈವೇಯಲ್ಲಿ ಬಹಳ ಜನ ಇದ್ದಾರೆ ಅನ್ನುವುದು ಬೇರೆ ಮಾತು.

ಕೀ ತಿರುಗಿಸಿದ ಕೂಡಲೇ ಎಲ್ಲ ಲೈಟೂ ಒಟ್ಟಿಗೆ ಬರುತ್ತದಲ್ಲ, ಲಕ್ಷದೀಪೋತ್ಸವದ ಹಾಗೆ?

ಬರಲೇಬೇಕು. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಹೊತ್ತು ಅದು. ಕೆಲವು ಲೈಟು ಮೂರ್ನಾಲ್ಕು ಸೆಕೆಂಡಿನಲ್ಲಿ ಹೋಗುತ್ತವೆ, ಆಯಿಲ್ ಮತ್ತು ಬ್ಯಾಟರಿ ಲೈಟು ಎಂಜಿನ್ ಸ್ಟಾರ್ಟ್ ಆದ ಮೇಲೆ ಹೋಗುತ್ತವೆ. ಹೋಗದೆ ಉಳಿದದ್ದನ್ನು ಗಮನಿಸಿ. ಬಾರದೇ ಇದ್ದದ್ದನ್ನೂ ಗಮನಿಸಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಏರ್‌ಬ್ಯಾಗ್ ಲೈಟ್ ಒಮ್ಮೆಯೂ ಹೊತ್ತದಿದ್ದರೆ, ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆಯೋ ಎಂದು ಅನುಮಾನಪಡಿ. ಅಪಘಾತದಲ್ಲಿ ಏರ್‌ಬ್ಯಾಗ್ ಹೋಗಿ, ಹೊಸತು ಹಾಕದೆ ಮಾರಲು ಇಟ್ಟ ಗಾಡಿಗಳೂ ಇರುತ್ತವೆ.

ಹಳೆ ಕಾಲದ ಎಣ್ಣೆ ಗಿಂಡಿಯ ಹಾಗೆ ಒಂದು ಕೆಂಪು ಚಿತ್ರ. ಆಯಿಲ್ ಕಮ್ಮಿಯಾ?

ಕಮ್ಮಿ ಇರಬಹುದು, ಆದರೆ ಅದು ಹೇಳುವುದು ಆಯಿಲಿನ ಒತ್ತಡದ ವಿಷಯ. ಒತ್ತಡ ಇಲ್ಲ ಎಂದರೆ ಓಡುವ ಎಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಾ ಇದೆ ಎಂದರ್ಥ. "ಪೆಟ್ರೋಲ್ ಪಂಪ್ ಇಲ್ಲೇ ಎರಡು ಕಿಲೋಮೀಟರ್ ಅಲ್ವಾ" ಎಂದು ಹೋಗಬೇಡಿ. ಬದಿಗೆ ಹಾಕಿ, ಎಂಜಿನ್ ಆಫ್. ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಸರಿ ಇದ್ದೂ ಲೈಟ್ ಹೋಗದಿದ್ದರೆ ಟೋಯಿಂಗ್ ಗಾಡಿಗೇ ಫೋನ್ ಮಾಡಿ. ತಿರುವಿನಲ್ಲೋ ಏರಿನಲ್ಲೋ ಮಾತ್ರ ಒಮ್ಮೆ ಮಿನುಗಿ ಮಾಯವಾಗುತ್ತದಾದರೆ ಸಾಮಾನ್ಯವಾಗಿ ಆಯಿಲ್ ತಳ ಹಿಡಿದಿರುತ್ತದೆ. ಆಗಲೂ ಅದೇ ದಿನ ನೋಡಬೇಕು.

ಶಿರಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ಏನು ಮಾಡಬೇಕಿತ್ತು?

ನಾನು ಮಾಡಿದ್ದನ್ನು ಮಾಡಬಾರದಿತ್ತು. ಹಳೆಯ ಗಾಡಿ, ಏಪ್ರಿಲ್ ತಿಂಗಳು, ಹಿಂದೆ ಮೂರು ಜನ, ಡಿಕ್ಕಿ ತುಂಬ ಮದುವೆ ಸಾಮಾನು. ಗುಂಡ್ಯ ದಾಟಿದ ಮೇಲೆ ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳುತ್ತಿದ್ದೆವು. ಮುಳ್ಳು ಅರ್ಧ ದಾಟಿದ್ದು ಕಂಡಿತು. ಮಾರನಹಳ್ಳಿ ಬಂದರೆ ಚಾ ಕುಡಿಯುವಾಗ ತಣಿಯುತ್ತದೆ ಅಂದುಕೊಂಡೆ. ಒಂದು ತಿರುವು, ಇನ್ನೊಂದು ತಿರುವು. ಬಾನೆಟ್ ಅಂಚಿನಿಂದ ಹಬೆ ಬಂದಾಗ ಹಿಂದಿನ ಸೀಟಿನ ಚಿಕ್ಕಮ್ಮ "ಹೊರಗೆ ಮಂಜು ಎಷ್ಟು ಚಂದ" ಅಂದರು. ಎಂಜಿನ್ನಿನ ತಲೆಭಾಗದ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿತ್ತು.

ಮಾಡಬೇಕಾದದ್ದು ಹೀಗೆ. ಮುಳ್ಳು ಏರತೊಡಗಿದ ಕೂಡಲೇ ಎಸಿ ಆಫ್. ಆಮೇಲೆ, ಕೇಳಲು ವಿಚಿತ್ರ ಅನ್ನಿಸಿದರೂ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಹೀಟರ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೂತ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನೇ ತೆಗೆದು ಅದು ನಿಮ್ಮ ಮುಖಕ್ಕೆ ಊದುತ್ತದೆ. ನೀವು ಬೆವರುತ್ತೀರಿ, ಎಂಜಿನ್ ಉಳಿಯುತ್ತದೆ. ಅಷ್ಟಾದರೂ ಕೆಂಪು ಲೈಟ್ ಬಂದರೆ, ಹಬೆ ಕಂಡರೆ, ತಿರುವಿನಲ್ಲಲ್ಲದ ಜಾಗ ನೋಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒತ್ತಡದಲ್ಲಿರುವುದರಿಂದ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನೆ ಕೂತಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಒತ್ತಡ ಇಳಿದು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆಯೆಂದರೆ ಅರ್ಧ ಗಂಟೆ ಕಾಯಿರಿ. ಕಾದ ಎಂಜಿನ್ ಮೇಲೆ ತೋಡಿನ ನೀರು ಹೊಯ್ಯುವುದೂ ಬೇಡ, ಲೋಹ ಬಿರಿಯುತ್ತದೆ. ತಣಿದ ಮೇಲೆ ಟ್ಯಾಂಕಿಯಲ್ಲಿ ಮಟ್ಟ ನೋಡಿ. ಕೂಲಂಟ್ ಇಲ್ಲದಿದ್ದರೆ ಆಪತ್ತಿಗೆ ಕುಡಿಯುವ ನೀರು ಹಾಕಬಹುದು, ಆಮೇಲೆ ಗ್ಯಾರೇಜಿನಲ್ಲಿ ಬದಲಿಸಿಕೊಳ್ಳಿ.

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ. ಟೆಂಪರೇಚರಿನ ನೀಲಿ ಲೈಟ್ ಬಂದರೆ ಎಂಜಿನ್ ಇನ್ನೂ ತಣ್ಣಗಿದೆ, ಕೆಂಪು ಬಂದರೆ ಮಿತಿ ಮೀರಿದೆ. ನಡುವಿನದ್ದು ತಿಳಿಯಲು ದಾರಿಯಿಲ್ಲ. ಹಾಗಾಗಿ ಘಾಟಿ ಹತ್ತುವ ಮುಂಚೆ ತಣ್ಣಗಿನ ಎಂಜಿನ್ನಿನಲ್ಲಿ ಕೂಲಂಟ್ ಮಟ್ಟ ನೋಡಿಕೊಳ್ಳುವುದು ಒಳ್ಳೆಯದು. ಹೆದ್ದಾರಿಯ ಸಹಾಯವಾಣಿ 1033, ತುರ್ತಿಗೆ 112. ಘಾಟಿಯ ಕೆಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ನಂಬರ್ ಮೊದಲೇ ತಲೆಯಲ್ಲಿರಲಿ.

ಆಗುಂಬೆ ಇಳಿಯುವಾಗ ಸುಟ್ಟ ವಾಸನೆ ಬಂತು, ಆದರೆ ಯಾವ ಲೈಟೂ ಬರಲಿಲ್ಲ?

ಕಾದ ಬ್ರೇಕಿಗೆ ಬೇರೆ ಲೈಟ್ ಇಲ್ಲ. ವಾಸನೆಯೇ ಎಚ್ಚರಿಕೆ. 14 ಹೇರ್‌ಪಿನ್ ತಿರುವನ್ನೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಎರಡನೆಯದೋ ಒಂದನೆಯದೋ. ನ್ಯೂಟ್ರಲ್ಲಿಗೆ ಹಾಕಿ ಇಳಿಸಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರ ಪಕ್ಕದಲ್ಲಿ ನಾನು ಕೂರುವುದಿಲ್ಲ. ಇನ್ನು ವೃತ್ತದೊಳಗೆ ಆಶ್ಚರ್ಯಚಿಹ್ನೆ ಇರುವ ಕೆಂಪು ಬ್ರೇಕ್ ಲೈಟ್ ಬಂದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದೂ ಲೈಟ್ ಇದ್ದರೆ ಹೆಚ್ಚಾಗಿ ಬ್ರೇಕ್ ಆಯಿಲ್ ಕಡಿಮೆಯಾಗಿರುತ್ತದೆ. ಆ ಗಾಡಿ ಅಲ್ಲಿಂದ ಅಲ್ಲಾಡಬಾರದು.

ಬ್ಯಾಟರಿ ಚಿತ್ರ ಬಂದಿದೆ. ಬ್ಯಾಟರಿ ಹಾಕಿಸಿ ಇನ್ನೂ 6 ತಿಂಗಳಾಗಿಲ್ಲ!

ಹೆಚ್ಚಿನ ಸಲ ತಪ್ಪು ಬ್ಯಾಟರಿಯದ್ದಲ್ಲ. ಅದಕ್ಕೆ ಚಾರ್ಜ್ ಹೋಗುತ್ತಿಲ್ಲ ಎಂದು ಹೇಳುವ ಲೈಟ್ ಅದು. ಚಾರ್ಜ್ ಕೊಡುವ ಆಲ್ಟರ್ನೇಟರ್ ಕೆಟ್ಟಿರಬಹುದು, ಬೆಲ್ಟ್ ಸಡಿಲಾಗಿರಬಹುದು. ಬೆಲ್ಟ್ ತುಂಡಾಗಿದ್ದರೆ ಕೆಲವು ಗಾಡಿಗಳಲ್ಲಿ ನೀರಿನ ಪಂಪೂ ಅದರೊಂದಿಗೆ ನಿಲ್ಲುತ್ತದೆ, ಹಾಗಾಗಿ ಟೆಂಪರೇಚರ್ ಮೇಲೂ ಒಂದು ಕಣ್ಣಿಡಿ. ಎಸಿ, ಸ್ಟೀರಿಯೋ ಎಲ್ಲ ಆಫ್ ಮಾಡಿ ಹತ್ತಿರದ ಗ್ಯಾರೇಜಿಗೆ ಬಿಡಿ. ದಾರಿಯಲ್ಲಿ ಎಂಜಿನ್ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವ ಭರವಸೆ ಇಲ್ಲ.

ಎಂಜಿನ್ ಆಕಾರದ ಹಳದಿ ಲೈಟ್. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಬಿಟ್ಟುಬಿಡಲಾ?

ಸ್ಥಿರವಾಗಿ ಹೊತ್ತಿದ್ದರೆ ನಾಲ್ಕೈದು ದಿನದೊಳಗೆ ಸ್ಕ್ಯಾನಿಂಗ್ ಮಾಡಿಸಿ. ಮಿನುಗುತ್ತಿದ್ದರೆ, ಗಾಡಿ ನಡುಗುತ್ತಿದ್ದರೆ, ಆಕ್ಸಿಲರೇಟರ್ ಕೊಡದೆ ಬದಿಗೆ ಬನ್ನಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು, ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆ ಕೇಳಿದರೆ ನಿಮಗೇ ಬಿಸಿಯಾಗುತ್ತದೆ.

ನಮ್ಮ ಕಡೆ ಈ ಲೈಟಿಗೆ ಇನ್ನೊಂದು ಕಾರಣ ಉಂಟು: ಇಲಿ. ಮಳೆ ಹಿಡಿದರೆ ತೋಟದ ಇಲಿಗಳಿಗೆ ಬಾನೆಟ್‌ನ ಒಳಗಿನಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಒಬ್ಬರ ಕಾರಿನ ಬಾನೆಟ್ ಎತ್ತಿದಾಗ ಬ್ಯಾಟರಿ ಪಕ್ಕದಲ್ಲಿ ಅರ್ಧ ತಿಂದ ಕೊಬ್ಬರಿ ಚೂರು, ಹರಿದ ಸ್ಪಂಜು, ಅದರ ನಡುವೆ ತಾಮ್ರ ಹೊಳೆಯುವ ಎರಡು ವಯರು ಕಂಡಿತು. ಸೆನ್ಸರ್ ಹಾಳಾಗಿದೆ, ಬದಲಿಸಬೇಕು ಎಂದು ಯಾರೋ ಅಂದಾಜು ಪಟ್ಟಿ ಬರೆದುಕೊಟ್ಟಿದ್ದರಂತೆ. ವಯರು ಜೋಡಿಸಿದ ಮೇಲೆ ಲೈಟ್ ಹೋಯಿತು. ಹೊಸ ಸೆನ್ಸರಿಗೆ ದುಡ್ಡು ಕೊಡುವ ಮುಂಚೆ ಬಾನೆಟ್ ಎತ್ತಿ ನೋಡಿ.

ನನ್ನದು ಡೀಸೆಲ್. ಡಬ್ಬದೊಳಗೆ ಚುಕ್ಕಿ ಇರುವ ಒಂದು ಹಳದಿ ಚಿತ್ರ ಬರುತ್ತದೆ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಇದು ಮಾಮೂಲಿ. ಮಸಿ ತುಂಬಿದಾಗ ಗಾಡಿ ಅದನ್ನು ತಾನೇ ಸುಟ್ಟು ಖಾಲಿ ಮಾಡಬೇಕು, ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಊರೊಳಗೇ ಮಣಿಪಾಲದಿಂದ ಕಲ್ಸಂಕ, ಕಲ್ಸಂಕದಿಂದ ಮಣಿಪಾಲ ಅಂತ ಓಡಾಡಿದರೆ ಅದು ಕಾಯುವುದೇ ಇಲ್ಲ. ಲೈಟ್ ಬಂದ ದಿನ ಹೈವೇ ಹಿಡಿದು ಪಡುಬಿದ್ರಿ ಕಡೆಗೆ 15–20 ನಿಮಿಷ, 60ರ ಮೇಲಿನ ಒಂದೇ ವೇಗದಲ್ಲಿ ಹೋಗಿ. ಹೆಜಮಾಡಿ ಟೋಲ್ ಸಿಗುವ ಮುಂಚೆ ತಿರುಗಿಸಿದರೆ ದುಡ್ಡೂ ಉಳಿಯಿತು. ಲೈಟ್ ಹೋಗದೆ ಎಂಜಿನ್ ಲೈಟೂ ಜೊತೆಗೂಡಿದರೆ ಸರ್ವಿಸ್ ಸೆಂಟರಿನವರೇ ಮಾಡಬೇಕು.

ಎಬಿಎಸ್ ಲೈಟ್ ಬಂದರೆ ಬ್ರೇಕ್ ಹಿಡಿಯುತ್ತದಾ?

ಹಿಡಿಯುತ್ತದೆ. ಜಾರುವ ರಸ್ತೆಯಲ್ಲಿ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಕೆಲಸ ಮಾತ್ರ ನಿಂತಿದೆ. ಮಳೆಯಲ್ಲಿ ಹೆಚ್ಚು ಅಂತರ ಬಿಟ್ಟು ಓಡಿಸಿ, ಬೇಗ ತೋರಿಸಿ. ಪ್ರತಿ ಚಕ್ರದ ಬಳಿ ಒಂದೊಂದು ಸೆನ್ಸರ್ ಇರುತ್ತದೆ, ಕೆಸರು ಮೆತ್ತಿದರೆ, ತುಕ್ಕು ಹಿಡಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಸಮುದ್ರದ ಮರಳಿಗೆ ಕಾರು ಇಳಿಸಿ ಫೋಟೋ ತೆಗೆಯುವವರು, ಮನೆಗೆ ಬಂದು ಬರೀ ಮೇಲೆ ತೊಳೆಯುತ್ತಾರೆ. ತೊಳೆಯಬೇಕಾದದ್ದು ಅಡಿಭಾಗ, ಅದೂ ಬಾವಿಯ ನೀರಿನಿಂದ.

ಕಂಬಳ ನೋಡಲು ಹೋಗಿ ಗದ್ದೆಯಲ್ಲಿ ನಿಲ್ಲಿಸಿದ ಕಾರು ತೆಗೆಯುವಾಗ ಜಾರುವ ಕಾರಿನ ಚಿತ್ರ ಮಿನುಗಿದರೆ ಹೆದರಬೇಡಿ. ಚಕ್ರ ಜಾರಿ ಸುತ್ತದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತಿದೆ. ಪೂರ್ತಿ ಹೂತುಕೊಂಡರೆ ಅದನ್ನು ಆಫ್ ಮಾಡಿ ಮೆಲ್ಲಗೆ ಪ್ರಯತ್ನಿಸಿ, ರಸ್ತೆಗೆ ಬಂದ ಮೇಲೆ ಮತ್ತೆ ಆನ್ ಮಾಡಿ.

ಕೊಟ್ಟಾರ ಚೌಕಿಯಲ್ಲಿ ನೀರು ತುಂಬಿ ಎಂಜಿನ್ ಬಂದ್ ಆಯಿತು. ಎಷ್ಟು ಸಲ ಸ್ಟಾರ್ಟ್ ಮಾಡಿ ನೋಡಬಹುದು?

ಒಂದು ಸಲವೂ ಇಲ್ಲ. ಗಾಳಿ ಎಳೆಯುವ ದಾರಿಯಲ್ಲಿ ನೀರು ಸಿಲಿಂಡರ್ ಸೇರಿದ್ದರೆ, ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ತಳ್ಳಿ ಮೇಲೆ ತನ್ನಿ, ಇನ್ಶೂರೆನ್ಸಿನವರಿಗೆ ಫೋಟೋ ತೆಗೆದಿಡಿ.

80 ದಾಟಿದ ಕೂಡಲೇ ಬೀಪ್ ಬೀಪ್. ಇದನ್ನು ತೆಗೆಸಬಹುದಾ?

ಬೇಡ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಕಡ್ಡಾಯ. 80ಕ್ಕೆ ಬಿಟ್ಟು ಬಿಟ್ಟು, 120ಕ್ಕೆ ಎಡೆಬಿಡದೆ. ಸೀಟ್ ಬೆಲ್ಟಿನದ್ದೂ ಹಾಗೆಯೇ. ಮುಂದಿನ ಸೀಟಿನಲ್ಲಿ ಹಲಸಿನ ಹಣ್ಣು ಇಟ್ಟರೂ ಕೂಗುತ್ತದೆ, ಅದಕ್ಕೆ ಬೆಲ್ಟ್ ಹಾಕಿ ಇಲ್ಲವೇ ಡಿಕ್ಕಿಗೆ ಸಾಗಿಸಿ.

ಎಲೆಕ್ಟ್ರಿಕ್ ಕಾರಿನಲ್ಲಿ ಆಮೆಯ ಚಿತ್ರ ಬಂತು, ತಮಾಷೆಯಾ?

ಅಲ್ಲ. ಚಾರ್ಜ್ ತೀರಾ ಇಳಿದಿದೆ ಅಥವಾ ಏನೋ ತೊಂದರೆ ಇದೆ, ಅದಕ್ಕೇ ಶಕ್ತಿ ಕಡಿಮೆ ಮಾಡಿದ್ದೇನೆ ಎನ್ನುತ್ತಿದೆ. ಎಡಬದಿಯಲ್ಲಿ ನಿಧಾನ ಹೋಗಿ.

ಮಳೆಗಾಲದಲ್ಲಿ ಎದುರಿನ ಗ್ಲಾಸ್ ಮಂಜು ಕಟ್ಟುತ್ತದೆ. ಎಸಿ ಹಾಕಿದರೆ ಒಮ್ಮೆ ಹೋಗುತ್ತದೆ, ಇನ್ನೊಮ್ಮೆ ಜಾಸ್ತಿಯಾಗುತ್ತದೆ. ಇದೆಂತ ಕತೆ ಮಾರಾಯ್ರೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಂಜು ಎರಡು ಜಾತಿ, ಎರಡಕ್ಕೂ ಮದ್ದು ಬೇರೆ. ಬೆರಳಿನಿಂದ ಗ್ಲಾಸಿನ ಒಳಮೈ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿನದ್ದು. ಮೂಡದಿದ್ದರೆ ವೈಪರ್ ಒಂದು ಸಲ ಹಾಕಿ, ಹೋದರೆ ಹೊರಗಿನದ್ದು.

ಒಳಗಿನದ್ದು ನಮ್ಮದೇ ಉಸಿರು. ನಾಲ್ಕು ಜನ, ಎರಡು ಒದ್ದೆ ಕೊಡೆ, ನೀರು ಕುಡಿದ ಮ್ಯಾಟು, ಹೊರಗೆ ಮಳೆ ಬಿದ್ದು ತಣ್ಣಗಾದ ಗ್ಲಾಸು. ಎಸಿಯನ್ನು ನಾವು ತಂಪಿನ ಯಂತ್ರ ಎಂದಷ್ಟೇ ತಿಳಿದಿದ್ದೇವೆ. ಅದು ಗಾಳಿಯ ಪಸೆಯನ್ನೂ ಹಿಂಡಿ ತೆಗೆಯುತ್ತದೆ. ಹಾಗಾಗಿ ಎಸಿ ಆನ್, ಗಾಳಿ ಗ್ಲಾಸಿನ ಕಡೆಗೆ, ಮತ್ತು ಹೊರಗಿನ ಗಾಳಿ ಒಳಗೆ ಬರುವ ಹಾಗೆ ಬಟನ್. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಅದೇ ಉಸಿರು ಮತ್ತೆ ಗ್ಲಾಸಿಗೆ ಬಂದು ಕೂರುತ್ತದೆ. ಚಳಿ ಅನ್ನಿಸಿದರೆ ಎಸಿ ಆಫ್ ಮಾಡಬೇಡಿ, ಟೆಂಪರೇಚರ್ ಗುಂಡಿಯನ್ನು ಕೆಂಪಿನ ಕಡೆಗೆ ತಿರುಗಿಸಿ. ಎಸಿ ಗಾಳಿಯನ್ನು ಒಣಗಿಸುತ್ತದೆ, ಹೀಟರ್ ಬೆಚ್ಚಗೆ ಮಾಡುತ್ತದೆ. ಎರಡೂ ಒಟ್ಟಿಗೆ ಓಡಬಹುದು.

ಹೊರಗಿನ ಮಂಜು ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಬೆವರುವ ಹಾಗೆ. ಮಳೆಗಾಲದ ನಡುವಿನ ಆಟಿ ತಿಂಗಳ ರಾತ್ರಿ ಹೊರಗೆ 25 ಡಿಗ್ರಿ, ತೇವಾಂಶ ಶೇಕಡ 90 ಇದ್ದರೆ ಗ್ಲಾಸು 23 ಡಿಗ್ರಿಗೆ ಇಳಿದರೆ ಸಾಕು, ಹೊರಮೈ ಬೆವರುತ್ತದೆ. ಒಣ ಹವೆಯ ಊರಿನವರಿಗೆ ಈ ಕಾಟ ಅಷ್ಟಿಲ್ಲ. ಕಳೆದ ವರ್ಷ ಮಂಗಳೂರಿನಿಂದ ರಾತ್ರಿ ಬರುತ್ತಾ, ಮೂಲ್ಕಿಯ ಶಾಂಭವಿ ಸೇತುವೆ ದಾಟುವಾಗ ಸ್ಟಿಯರಿಂಗ್ ಹಿಡಿದಿದ್ದ ಹುಡುಗ ಗ್ಲಾಸಿಗೆ ಗಾಳಿ ಬಿಡುವ ಬಟನ್ ಒತ್ತಿ, ಟೆಂಪರೇಚರ್ ಲೋ ಮಾಡಿದ. ಗ್ಲಾಸಿನ ತಳದಿಂದ ಹಾಲು ಉಕ್ಕಿದಂತೆ ಬಿಳಿ ಏರುತ್ತಾ ಬಂತು. ಅವನು ಒಳಗಿನಿಂದ ಬಟ್ಟೆಯಲ್ಲಿ ಒರೆಸಿದ್ದೇ ಒರೆಸಿದ್ದು. ನಾನು ಪಕ್ಕದಿಂದ ವೈಪರ್ ಹಾಕಿ, ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ, 27ಕ್ಕೆ ಏರಿಸಿದೆ. ಪಡುಬಿದ್ರಿ ಬರುವಾಗ ದಾರಿ ನಿಚ್ಚಳವಾಗಿತ್ತು. ಒಳಗಿನ ಮಂಜನ್ನು ಓಡಿಸುವ ಬಟನ್ನೇ, ತೀರಾ ತಣ್ಣಗಿಟ್ಟರೆ, ಹೊರಗಿನ ಮಂಜನ್ನು ಕರೆಯುತ್ತದೆ.

ಹಿಂದಿನ ಗ್ಲಾಸಿನ ಕತೆ ಸುಲಭ. ಅದರಲ್ಲಿ ಕಾಣುವ ಸಣ್ಣ ಗೆರೆಗಳು ಬಿಸಿಯಾಗುವ ತಂತಿ. ಆಯತದೊಳಗೆ ಮೂರು ಅಂಕುಡೊಂಕು ಬಾಣ ಇರುವ ಬಟನ್ ಒತ್ತಿ, ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುತ್ತದೆ. ಬ್ಲೇಡಿನಿಂದ ಸ್ಟಿಕ್ಕರ್ ಕೆರೆಯುವಾಗ ಆ ಗೆರೆ ಕೆರೆಯಬೇಡಿ.

ಕಾರಿನೊಳಗೆ ಸುತ್ತುವ ಬಾಣದ ಬಟನ್ ಯಾವಾಗ ಒತ್ತಬೇಕು?

ಬೇಸಿಗೆಯಲ್ಲಿ ಬೇಗ ತಂಪಾಗಲು, ಹೊಗೆ ಬಿಡುವ ಲಾರಿ ಹಿಂದೆ ಸಿಕ್ಕಿಕೊಂಡಾಗ. ಗಂಟೆಗಟ್ಟಲೆ ಅದರಲ್ಲೇ ಇಟ್ಟರೆ ಗಾಳಿ ಹಳಸಿ ಡ್ರೈವರಿಗೆ ತೂಕಡಿಕೆ ಬರುತ್ತದೆ, ನಡುನಡುವೆ ಹೊರಗಾಳಿ ಬಿಡಿ. ಮಲ್ಪೆಯಿಂದ ಬಂಗುಡೆ ತರುವಾಗ ಅಂತೂ ಆ ಬಟನ್ ಮುಟ್ಟಲೇಬೇಡಿ.

ಬಿಸಿಲಲ್ಲಿ ನಿಂತ ಕಾರು ಬೇಗ ತಂಪಾಗಲು 16ಕ್ಕೆ ಇಡಬೇಕಾ, 24ಕ್ಕಾ?

ಮೊದಲು ನಾಲ್ಕೂ ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ. ಒಳಗಿನ ಬಿಸಿಗಾಳಿ ಹೊರಗಿನದ್ದಕ್ಕಿಂತಲೂ ಕಾದಿರುತ್ತದೆ, ಅದನ್ನು ಎಸಿಯಿಂದ ತಣಿಸುವುದು ದಂಡ. ಆಮೇಲೆ ಕಿಟಕಿ ಏರಿಸಿ ಒಳಗಿನ ಗಾಳಿ ಸುತ್ತಿಸಿ. ಎಸಿಗೆ ಆಟೋ ಬಟನ್ ಇರುವ ಕಾರಾದರೆ 24ಕ್ಕೆ ಇಟ್ಟು ಸುಮ್ಮನಿರಿ. ಅದು ತಾನೇ ಬ್ಲೋವರ್ ಜೋರು ಮಾಡಿ, ತಂಪಾದ ಮೇಲೆ ಇಳಿಸುತ್ತದೆ. ನಮ್ಮ ಸೆಕೆಗೆ ಡಿಗ್ರಿಗಿಂತ ಗಾಳಿ ಒಣಗಿರುವುದೇ ಹೆಚ್ಚು ಸುಖ.

ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿದೆ!

ಎಸಿ ಹಾಕಿದ್ದರೆ ಅದು ಗಾಳಿಯಿಂದ ಹಿಂಡಿದ ನೀರು. ಬಣ್ಣ, ವಾಸನೆ ಇಲ್ಲದಿದ್ದರೆ ಚಿಂತೆ ಬೇಡ. ಬಣ್ಣ ಇದ್ದು ಅಂಟಂಟಾಗಿದ್ದರೆ ಕೂಲಂಟ್. ನೀರು ಕೆಳಗೆ ಬೀಳುವ ಬದಲು ಎಡಗಡೆ ಕೂತವರ ಕಾಲಡಿಯ ಮ್ಯಾಟು ಒದ್ದೆಯಾಗುತ್ತಿದ್ದರೆ ನೀರು ಹೋಗುವ ಪೈಪ್ ಕಟ್ಟಿದೆ. ಸಣ್ಣ ಕೆಲಸ, ಬೇಗ ಮಾಡಿಸಿ.

ಎಸಿ ಹಾಕಿದರೆ ಮುಗ್ಗಲು ವಾಸನೆ. ಗ್ಯಾಸ್ ತುಂಬಿಸಿದರೆ ಸರಿಯಾಗುತ್ತದಾ?

ಗ್ಯಾಸಿಗೂ ವಾಸನೆಗೂ ಸಂಬಂಧವಿಲ್ಲ. ಒದ್ದೆ ಕೂಲಿಂಗ್ ಕಾಯಿಲಿನ ಮೇಲೆ ಬೂಸರು ಬಂದಿರುತ್ತದೆ. ಮನೆ ತಲುಪುವ ಮೂರ್ನಾಲ್ಕು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿ, ಕಾಯಿಲ್ ಒಣಗುತ್ತದೆ. ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರ್ ಮಳೆಗಾಲ ಮುಗಿದ ಮೇಲೆ ಬದಲಿಸಿ.

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ವರ್ಷವರ್ಷವೂ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಕಡಲ ಬದಿಯಲ್ಲಿ ಅನುಮಾನ ಹೆಚ್ಚಾಗಿ ರೇಡಿಯೇಟರ್ ಮುಂದಿನ ಕಂಡೆನ್ಸರ್ ಮೇಲೆ. ಉಪ್ಪುಗಾಳಿ ಅದರ ತೆಳು ಅಲ್ಯೂಮಿನಿಯಂ ತಿನ್ನುತ್ತದೆ. ಮರವಂತೆಯಂಥ ರಸ್ತೆಯಲ್ಲಿ ದಿನಾ ಓಡಾಡುವವರು ಆಗಾಗ ಪೈಪಿನಿಂದ ಮೆಲ್ಲಗೆ ಸಿಹಿನೀರು ಬಿಡಿ. ಜೋರಾಗಿ ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವವರಿಗೆ ನೀವು ಕಾಯಂ ಗಿರಾಕಿ.

ಮನೆಯವರು ಬೆಳಗಿನವರೆಗೆ ಯಕ್ಷಗಾನ ಆಟ ನೋಡುತ್ತಾರೆ. ನಾನು ಕಾರಿನಲ್ಲಿ ಎಸಿ ಹಾಕಿ ಮಲಗಬಹುದಾ?

ಎಂಜಿನ್ ಓಡುತ್ತಾ ಇರುವಾಗ ಕಿಟಕಿ ಮುಚ್ಚಿ ಮಲಗಬೇಡಿ. ಗದ್ದೆಯಲ್ಲಿ ಬದುವಿಗೆ ಹಿಂಬದಿ ತಾಗಿಸಿ ನಿಲ್ಲಿಸಿದ್ದರೆ, ಸೈಲೆನ್ಸರಿನಲ್ಲಿ ತೂತಿದ್ದರೆ, ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ, ಮಲಗಿದವರು ಏಳುವುದಿಲ್ಲ. ಇದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಲೈಟಿಲ್ಲ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ ಮಲಗಿ. ಸೊಳ್ಳೆ ಬತ್ತಿಯನ್ನು ಕಾರಿನೊಳಗೆ ಹಚ್ಚಬೇಡಿ, ಮೈಗೆ ಹಚ್ಚುವ ಕ್ರೀಮ್ ಸಾಕು.

ಅಣ್ಣ ಗಲ್ಫಿನಲ್ಲಿದ್ದಾನೆ. ಅವನ ಕಾರು ಮನೆಯಲ್ಲಿ 6 ತಿಂಗಳಿಂದ ನಿಂತಿದೆ. ಬರುವ ವಾರ ಬರುತ್ತಾನೆ.

ಅಣ್ಣ ಬರುವ ಮುಂಚೆ ನೀವೇ ಒಮ್ಮೆ ತೆಗೆಯಿರಿ. ಮೊದಲು ಬಾನೆಟ್ ಎತ್ತಿ ಇಲಿ ಗೂಡು ನೋಡಿ. ಬ್ಯಾಟರಿ ಸೋತಿರುತ್ತದೆ. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟಾಗ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ಎಲ್ಲ ಲೈಟೂ ಒಟ್ಟಿಗೆ ಬಂದರೆ ಗಾಬರಿ ಬೇಡ. ವೋಲ್ಟೇಜ್ ಕುಸಿದಾಗ ಎಲ್ಲ ಕಂಪ್ಯೂಟರೂ ಒಟ್ಟಿಗೆ ದೂರು ಹೇಳುತ್ತವೆ, ಅರ್ಧ ಗಂಟೆ ಓಡಿಸಿದ ಮೇಲೆ ಉಳಿದದ್ದಷ್ಟೇ ನಿಜವಾದ ದೂರು. ಹ್ಯಾಂಡ್ ಬ್ರೇಕ್ ಎಳೆದಿಟ್ಟಿದ್ದರೆ ತುಕ್ಕು ಹಿಡಿದು ಹಿಂದಿನ ಚಕ್ರ ಕಚ್ಚಿಕೊಂಡಿರುತ್ತದೆ. ಮುಂದೆ ಹಿಂದೆ ಮೆಲ್ಲಗೆ ಅಲ್ಲಾಡಿಸಿ, ಬಿಡದಿದ್ದರೆ ಮೆಕ್ಯಾನಿಕ್ ಕರೆಯಿರಿ. ಎಸಿ ಹತ್ತು ನಿಮಿಷ ಓಡಿಸಿ, ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗಲಿ. ಟಯರಿಗೆ ಗಾಳಿ ಹಾಕಿಸಿ.

ಅವನು ಮತ್ತೆ ಹೊರಟ ಮೇಲೆ ಕಾರನ್ನು ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ಬಿಡಿ. ವಾರಕ್ಕೊಮ್ಮೆ ಅಮ್ಮನನ್ನು ಕೂರಿಸಿಕೊಂಡು ದೇವಸ್ಥಾನಕ್ಕೋ ಸಂತೆಗೋ ಹೋಗಿ ಬನ್ನಿ, 20 ನಿಮಿಷದ ದಾರಿಯಾದರೆ ಸಾಕು.